ಪ್ರತಿ ಸ್ಪ್ರಿಂಟಿನಲ್ಲೂ ಕೆಲಸ ಉಳಿಯುತ್ತಿತ್ತು: ಸರಿಪಡಿಸಿದ ಬಗೆ

6 ಜನರ ಸಾಫ್ಟ್‌ವೇರ್ ತಂಡ, 2 ವಾರದ ಸ್ಪ್ರಿಂಟ್ (ಆಯ್ದ ಕೆಲಸಗಳನ್ನು ಮುಗಿಸಲು ಹಾಕಿಕೊಂಡ ಅವಧಿ). ಪ್ರತಿ ಸಲ ಮೂರ್ನಾಲ್ಕು ಸ್ಟೋರಿಗಳು (ಬಳಕೆದಾರರಿಗೆ ಬೇಕಾದ ಒಂದೊಂದು ಸಣ್ಣ ಕೆಲಸ) ಮುಗಿಯದೆ ಮುಂದಿನ ಸ್ಪ್ರಿಂಟಿಗೆ ಜಾರುತ್ತಿದ್ದವು. ಅಂದಾಜು ತಪ್ಪಿರಲಿಲ್ಲ, ಒಂದೇ ಹೊತ್ತಿಗೆ ಹತ್ತು ಕೆಲಸ ಕೈಗೆತ್ತಿಕೊಂಡು, ಎಲ್ಲವೂ ಕೊನೆಯ 2 ದಿನಗಳಲ್ಲಿ ಟೆಸ್ಟಿಂಗಿಗೆ ಬಂದು ಬೀಳುತ್ತಿದ್ದವು.

ಯಾವ ಕೆಲಸ ಯಾವ ಹಂತದಲ್ಲಿದೆ ಎಂದು ತೋರಿಸುವ ಬೋರ್ಡಿನಲ್ಲಿ ‘ನಡೆಯುತ್ತಿದೆ’ ಕಾಲಮ್ಮಿಗೆ ಒಮ್ಮೆಗೆ 4 ಸ್ಟೋರಿ, ಟೆಸ್ಟಿಂಗಿಗೆ 2 ಎಂದು ಮಿತಿ ಹಾಕಿದೆವು. ಟೆಸ್ಟಿಂಗ್ ತುಂಬಿದ್ದರೆ ಡೆವಲಪರ್ ಹೊಸ ಸ್ಟೋರಿ ಎತ್ತಿಕೊಳ್ಳುವಂತಿಲ್ಲ, ಟೆಸ್ಟಿಂಗಿಗೇ ಕೈಜೋಡಿಸಬೇಕು. ಕಷ್ಟವಿರುವುದು ಇಲ್ಲೇ. ಕೆಲವರು ಸುಮ್ಮನೆ ಕೂತಂತೆ ಕಾಣುತ್ತದೆ, ಮಿತಿ ಸಡಿಲಿಸೋಣ ಅನ್ನಿಸುತ್ತದೆ. ದಯವಿಟ್ಟು ಸಡಿಲಿಸಬೇಡಿ.

2 ದಿನಕ್ಕಿಂತ ದೊಡ್ಡ ಸ್ಟೋರಿಯನ್ನು ಪ್ಲಾನಿಂಗಿನಲ್ಲೇ ಒಡೆಯಿರಿ. ತಂಡದ ದಿನನಿತ್ಯದ 15 ನಿಮಿಷದ ಸಭೆಯಾದ ಡೈಲಿ ಸ್ಕ್ರಮ್‌ನಲ್ಲಿ ಬೋರ್ಡನ್ನು ಬಲಗಡೆಯಿಂದ ನೋಡುತ್ತಾ ಬನ್ನಿ. ಅಲ್ಲಿರುವ, ಮುಗಿಯುವ ಹಂತದ ಕೆಲಸಕ್ಕೇ ಮೊದಲ ಗಮನ. ಮೂರನೇ ಸ್ಪ್ರಿಂಟಿನ ಕೊನೆಗೆ ಉಳಿದದ್ದು ಒಂದೇ ಸ್ಟೋರಿ.