ಎಡಿಟರ್ ಒಳಗೇ ಒಂದು ಗಡಿಯಾರ ಬರೆದೆ

ನನಗೆ ಬೇಕಾಗಿದ್ದು ಒಂದು ಗಡಿಯಾರದ ಚಿತ್ರ, ಅಷ್ಟೇ. ದುಂಡನೆಯ ಮುಖ, ಸುತ್ತ 12 ಗೀಟು, ಮುಳ್ಳುಗಳು. ಮೌಸ್ ಹಿಡಿದು ಕೂತರೆ ಹತ್ತು ನಿಮಿಷದ ಕೆಲಸ ಅಂದುಕೊಂಡಿದ್ದೆ. ಒಂದೊಂದೇ ಗೀಟನ್ನು ತಿರುಗಿಸಿ, ಎಳೆದು, ಜಾಗಕ್ಕೆ ಕೂರಿಸುವಷ್ಟರಲ್ಲಿ ಸಂಜೆಯಾಯಿತು. ಆಮೇಲೆ ನೋಡಿದರೆ ಗೀಟು ಇನ್ನೂ ಸ್ವಲ್ಪ ಉದ್ದ ಇರಬೇಕಿತ್ತು ಅನ್ನಿಸಿತು. ಮತ್ತೆ ಹನ್ನೆರಡನ್ನೂ ಮುಟ್ಟಬೇಕು! ಫೈಲ್ ಮುಚ್ಚಿಬಿಟ್ಟೆ.

ದಿನವಿಡೀ ನಾನು ಕೂರುವುದು ಈಮ್ಯಾಕ್ಸ್ ಅನ್ನುವ ಎಡಿಟರ್ ಮುಂದೆ, ಕೋಡ್ ಬರೆಯುವುದೆಲ್ಲ ಅದರಲ್ಲೇ. ಎಸ್‌ವಿಜಿ ಚಿತ್ರ ಬರೆಯುವ ಲೈಬ್ರರಿ, ಅಂದರೆ ಸಿದ್ಧ ಕೋಡ್, ಅದರ ಜೊತೆಗೇ ಬರುತ್ತದೆ. ಇಷ್ಟು ದಿನ ಅದನ್ನು ಮುಟ್ಟಿಯೇ ಇರಲಿಲ್ಲ. 'ಇಲ್ಲೊಂದು ವೃತ್ತ, ಇಲ್ಲಿಂದ ಅಲ್ಲಿಗೆ ಒಂದು ಗೆರೆ' ಅಂತ ಅಕ್ಷರದಲ್ಲೇ ಬರೆದಿಟ್ಟ ಚಿತ್ರವೇ ಎಸ್‌ವಿಜಿ. ಅಕ್ಷರ ಅಂದ ಮೇಲೆ ಎಡಿಟರ್‌ನಲ್ಲಿ ಬರೆಯೋಕೆ ಏನು ಕಷ್ಟ, ಅಲ್ವಾ?

ಶುರು ಮಾಡೋದು ಸುಲಭ. (ಎಸ್‌ವಿಜಿ-ಕ್ರಿಯೇಟ್ 300 300) ಅಂದರೆ 300 ಅಗಲ, 300 ಎತ್ತರದ ಖಾಲಿ ಹಾಳೆ ಸಿಗುತ್ತದೆ. ಎಸ್‌ವಿಜಿ-ಸರ್ಕಲ್ ಅದರ ಮೇಲೆ ವೃತ್ತ ಎಳೆಯುತ್ತದೆ. ಎಸ್‌ವಿಜಿ-ಇನ್ಸರ್ಟ್-ಇಮೇಜ್ ಅಂದರೆ ಕರ್ಸರ್ ಇದ್ದ ಕಡೆಯೇ ಚಿತ್ರ ಬಂದು ಕೂರುತ್ತದೆ. ಆವರಣದ ಕೊನೆಗೆ ಹೋಗಿ ಕಂಟ್ರೋಲ್-ಎಕ್ಸ್ ಕಂಟ್ರೋಲ್-ಇ ಒತ್ತಿದರೆ ಸಾಕು, ಆ ಕೋಡ್ ಓಡುತ್ತದೆ. ಕೋಡ್ ಪಕ್ಕದಲ್ಲೇ ವೃತ್ತ ಮೂಡಿದ್ದು ನೋಡಿ ಸುಮ್ನೆ ನಾಲ್ಕು ಸಲ ಬಣ್ಣ ಬದಲಿಸಿದೆ. ಒಂದು ಮಾತು: ಬರೀ ಅಕ್ಷರ ತೋರಿಸುವ ಟರ್ಮಿನಲ್ ಒಳಗೆ ಓಡುವ ಈಮ್ಯಾಕ್ಸ್‌ನಲ್ಲಿ ಈ ಚಿತ್ರ ಕಾಣಿಸುವುದಿಲ್ಲ. ಅದರದೇ ವಿಂಡೋ ಬೇಕು, ಎಸ್‌ವಿಜಿ ಬೆಂಬಲವೂ ಸೇರಿರಬೇಕು.

ಗೀಟುಗಳ ಸರದಿ ಬಂತು. ಕೋನವನ್ನು ರೇಡಿಯನ್‌ನಲ್ಲಿ ಅಳೆದರೆ ಪೂರ್ತಿ ಸುತ್ತು 2 ಪೈ. ಅದನ್ನು ಹನ್ನೆರಡು ಭಾಗ ಮಾಡಿ ಲೂಪ್ ಓಡಿಸಿದರೆ ಆಯಿತು. ಕೋನಕ್ಕೆ ಹೀಗೆ ಬರೆದೆ: (* 2 ಪೈ (/ ಐ 12)). ಇಲ್ಲಿ ಗುಣಿಸು, ಭಾಗಿಸು ಅನ್ನುವ ಗುರುತು ಮೊದಲೇ ಬರುತ್ತದೆ; ಐ ಅಂದರೆ ಎಷ್ಟನೇ ಗೀಟು ಅನ್ನುವ ಎಣಿಕೆ. ಓಡಿಸಿದೆ. ಒಂದೇ ಒಂದು ಗೀಟು! ಲೂಪ್ ಓಡಿಲ್ಲ ಅಂದುಕೊಂಡು ಎಣಿಸಿ ನೋಡಿದೆ, ಹನ್ನೆರಡು ಸಲವೂ ಓಡಿದೆ. ಅರ್ಧ ಗಂಟೆ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು. ಈಮ್ಯಾಕ್ಸ್‌ನ ಕೋಡ್ ಬರೆಯುವ ಭಾಷೆ ಈಮ್ಯಾಕ್ಸ್ ಲಿಸ್ಪ್‌ನಲ್ಲಿ ಎರಡು ಪೂರ್ಣಾಂಕ ಭಾಗಿಸಿದರೆ ಉತ್ತರವೂ ಪೂರ್ಣಾಂಕವೇ. 1ನ್ನು 12ರಿಂದ ಭಾಗಿಸಿದರೆ 0. 11ನ್ನು ಭಾಗಿಸಿದರೂ 0. ಹನ್ನೆರಡು ಗೀಟೂ ಒಂದರ ಮೇಲೊಂದು ಕೂತಿದ್ದವು. 12 ಇದ್ದಲ್ಲಿ 12.0 ಅಂತ ಬರೆದೆ. ಎಲ್ಲವೂ ತಮ್ಮ ತಮ್ಮ ಜಾಗಕ್ಕೆ ಹೋದವು.

ಮುಳ್ಳಿನಲ್ಲಿ ಇನ್ನೊಂದು ತಮಾಷೆ ಆಯಿತು. ಶಾಲೆಯ ಗ್ರಾಫ್ ಹಾಳೆಯಲ್ಲಿ ವೈ ಮೇಲಕ್ಕೆ ಹೋದಂತೆ ಹೆಚ್ಚುತ್ತದೆ. ಎಸ್‌ವಿಜಿಯಲ್ಲಿ ಸೊನ್ನೆ ಇರುವುದು ಎಡ ಮೇಲ್ಮೂಲೆಯಲ್ಲಿ, ವೈ ಹೆಚ್ಚುವುದು ಕೆಳಕ್ಕೆ. ನಾನು ಎಕ್ಸ್‌ಗೆ ಸೈನ್, ವೈಗೆ ಕೊಸೈನ್ ಕೂಡಿಸಿದ್ದೆ. ಮುಳ್ಳು ಕೆಳಗಿನಿಂದ ಶುರುವಾಗಿ ಹಿಂದಕ್ಕೆ ತಿರುಗತೊಡಗಿತು. ಗೀಟುಗಳಲ್ಲೂ ಇದೇ ತಪ್ಪು ಇತ್ತು. ಆದರೆ ಹನ್ನೆರಡೂ ಒಂದೇ ಥರ ಇದ್ದದ್ದರಿಂದ ಗೊತ್ತೇ ಆಗಿರಲಿಲ್ಲ. ಕೊಸೈನ್ ಕೂಡಿಸುವ ಬದಲು ಕಳೆದೆ, ಸರಿಹೋಯಿತು.

ಆಮೇಲೆ ಮುಳ್ಳು ನಿಜವಾಗಿ ಓಡಲಿ ಅನ್ನಿಸಿತು. ಸೆಕೆಂಡಿಗೊಂದು ಸಲ ಹೊಸ ಗೆರೆ ಎಳೆಯಲು ರನ್-ವಿತ್-ಟೈಮರ್ ಹಾಕಿದೆ. ಎಸ್‌ವಿಜಿ-ಇನ್ಸರ್ಟ್-ಇಮೇಜ್‌ನಿಂದ ಕೂರಿಸಿದ ಚಿತ್ರಕ್ಕೆ ಆಮೇಲೆ ಏನು ಸೇರಿಸಿದರೂ ಅದು ತಾನಾಗಿಯೇ ಹೊಸದಾಗುತ್ತದೆ. ಕಾಫಿ ಹಿಡಿದು ವಾಪಸ್ ಬಂದು ನೋಡಿದರೆ ಗಡಿಯಾರದ ಬದಲು ಬೀಸಣಿಗೆ! ಪ್ರತಿ ಸೆಕೆಂಡೂ ಹೊಸ ಮುಳ್ಳು ಸೇರಿದೆ, ಹಳೆಯದು ಯಾವುದೂ ಹೋಗಿಲ್ಲ.

ಇದಕ್ಕೆ ಮದ್ದು ಐಡಿ, ಅಂದರೆ ಗುರುತಿನ ಹೆಸರು. ಗೆರೆಗೆ ಒಂದು ಐಡಿ ಕೊಟ್ಟರೆ, ಮುಂದಿನ ಸಲ ಅದೇ ಐಡಿಯ ಗೆರೆ ಬಂದಾಗ ಲೈಬ್ರರಿ ಹಳೆಯದರ ಜಾಗದಲ್ಲೇ ಹೊಸದನ್ನು ಇಡುತ್ತದೆ. ಈ 'ಜಾಗದಲ್ಲೇ' ಅನ್ನುವುದು ನನಗೆ ತುಂಬ ಹಿಡಿಸಿತು. ಎಸ್‌ವಿಜಿಯಲ್ಲಿ ಮೊದಲು ಬರೆದದ್ದು ಕೆಳಗೆ, ಆಮೇಲೆ ಬರೆದದ್ದು ಮೇಲೆ. ಮುಳ್ಳಿನ ಬುಡ ಮುಚ್ಚಲು ನಡುವೆ ಒಂದು ಕಪ್ಪು ಬೊಟ್ಟು ಇಟ್ಟಿದ್ದೆ. ಮುಳ್ಳು ಎಷ್ಟು ಸಲ ಬದಲಾದರೂ ಬೊಟ್ಟಿನ ಕೆಳಗೇ ಉಳಿಯಿತು.

ಟೈಮರ್ ನಿಲ್ಲಿಸುವುದನ್ನು ಮಾತ್ರ ಮರೆತಿದ್ದೆ. ಆಮೇಲೆ ಹೆಸರು ಹಿಡಿದು ನಿಲ್ಲಿಸಲು ಅದನ್ನು ವೇರಿಯೇಬಲ್‌ನಲ್ಲಿ ಇಟ್ಟುಕೊಂಡಿರಲಿಲ್ಲ, ಸಾಲದ್ದಕ್ಕೆ ಅದೇ ಸಾಲನ್ನು ಮೂರು ಸಲ ಓಡಿಸಿದ್ದೆ. ಅಂದರೆ ಮೂರು ಟೈಮರ್. ಲಿಸ್ಟ್-ಟೈಮರ್ಸ್‌ನಲ್ಲಿ ಹುಡುಕಿ ಒಂದೊಂದಾಗಿ ತೆಗೆದೆ. ಈಗ ಟೈಮರನ್ನು ವೇರಿಯೇಬಲ್‌ಗೆ ಹಾಕದೆ ಶುರುವೇ ಮಾಡುವುದಿಲ್ಲ.

ಕೊನೆಗೆ ಅಂಕಿಗಳು. ಎಸ್‌ವಿಜಿ-ಟೆಕ್ಸ್ಟ್‌ಗೆ ಕೊಡುವ ಎಕ್ಸ್ ಸಾಮಾನ್ಯವಾಗಿ ಅಕ್ಷರ ಶುರುವಾಗುವ ಜಾಗ. ಹಾಗಾಗಿ ೧೦, ೧೧, ೧೨ ಎಲ್ಲ ಬಲಕ್ಕೆ ವಾಲಿದ್ದವು. ಟೆಕ್ಸ್ಟ್-ಆ್ಯಂಕರ್‌ಗೆ ಮಿಡಲ್ ಅಂದೆ, ನಡುವಿಗೆ ಬಂದವು. ಅದಕ್ಕೆ ಕೊಡುವ ವೈ ಅಂದರೆ ಅಕ್ಷರ ಕೂರುವ ಬುಡದ ಗೆರೆ, ಹಾಗಾಗಿ ಅಕ್ಷರದ ಗಾತ್ರದ ಮೂರನೇ ಒಂದರಷ್ಟು ಕೆಳಗಿಳಿಸಿದೆ. ಇದು ಲೆಕ್ಕವಲ್ಲ, ಕಣ್ಣಳತೆ.

ಟೈಮರ್ ನಿಲ್ಲಿಸಿ ಚಿತ್ರವನ್ನು ಫೈಲಿಗೆ ಉಳಿಸಿದೆ. ಅದನ್ನು ತೆರೆದರೆ ಈಮ್ಯಾಕ್ಸ್ ಚಿತ್ರವನ್ನೇ ತೋರಿಸುತ್ತದೆ. ಕಂಟ್ರೋಲ್-ಸಿ ಎರಡು ಸಲ ಒತ್ತಿದರೆ ಒಳಗಿನ ಬರಹ. ಅಲ್ಲಿ ಹುಡುಕಿದರೆ ಕನ್ನಡದ ಒಂದು ಅಕ್ಷರವೂ ಇಲ್ಲ! ಎಲ್ಲ ಹಾಳಾಯಿತು ಅಂತ ಗಾಬರಿಯಾದೆ. ನೋಡಿದರೆ ಲೈಬ್ರರಿ ಪ್ರತಿ ಅಕ್ಷರವನ್ನೂ ಅದರ ಯೂನಿಕೋಡ್ ಸಂಖ್ಯೆಯಾಗಿ ಬರೆದಿಟ್ಟಿದೆ. ೧ ಇದ್ದಲ್ಲಿ 3303, ೨ ಇದ್ದಲ್ಲಿ 3304. ಮತ್ತೆ ಕಂಟ್ರೋಲ್-ಸಿ ಎರಡು ಸಲ ಒತ್ತಿದೆ. ನೆತ್ತಿಯ ಮೇಲೆ ೧೨ ನೆಟ್ಟಗೆ ನಿಂತಿತ್ತು.