ಗಾಡಿ ಸೈಡ್‌ಗೆ ಹಾಕಿ ಅಂದಾಗ

ಬೆಂಗಳೂರಿನಲ್ಲಿ ನನ್ನದು ವಾಟರ್ ಫಿಲ್ಟರ್ ರಿಪೇರಿ ಕೆಲಸ. ಹದಿನಾಲ್ಕು ವರ್ಷದಿಂದ ಅದೇ ಕೆಲಸ, ಅದೇ ಸ್ಪ್ಲೆಂಡರ್. ಬೆಳಿಗ್ಗೆ ನಾಗರಬಾವಿ, ಮಧ್ಯಾಹ್ನ ಯಶವಂತಪುರ, ಸಂಜೆ ವಿಜಯನಗರ. ಹಿಂದಿನ ಸೀಟಿಗೆ ಪೈಪು, ಕ್ಯಾಂಡಲ್ ತುಂಬಿದ ದೊಡ್ಡ ಬ್ಯಾಗ್ ಕಟ್ಟಿರುತ್ತೇನೆ. ತಿಂಗಳಿಗೆ ಒಂದೆರಡು ಸಲವಾದರೂ ಟ್ರಾಫಿಕ್ ಪೊಲೀಸರು ಕೈ ತೋರಿಸುತ್ತಾರೆ. ಕೆಲಸಕ್ಕೆ ಸೇರುವ ಹೊಸ ಹುಡುಗರಿಗೆ ಫಿಲ್ಟರ್ ಬಿಚ್ಚುವುದನ್ನು ಕಲಿಸುವ ಮೊದಲು ಇದನ್ನು ಹೇಳಿಕೊಡುತ್ತೇನೆ.

ಕೈ ತೋರಿಸಿದ ತಕ್ಷಣ ಬ್ರೇಕ್ ಒತ್ತಬೇಡಿ. ಮೊದಲು ಕನ್ನಡಿ ನೋಡಿ. ಹಿಂದೆ ಬಸ್ ಇರಬಹುದು, ಟಿಪ್ಪರ್ ಇರಬಹುದು. ಎಡಗಡೆ ಇಂಡಿಕೇಟರ್ ಹಾಕಿ, ನಿಧಾನ ಮಾಡಿ, ರಸ್ತೆ ಅಂಚಿಗೆ ಬಂದು ನಿಲ್ಲಿಸಿ. ಪೊಲೀಸರನ್ನು ಹತ್ತಡಿ ದಾಟಿದರೂ ಪರವಾಗಿಲ್ಲ. ನಿಲ್ಲಿಸೋಕೆ ಬರುತ್ತಿದ್ದೀರಿ ಅಂತ ಇಂಡಿಕೇಟರ್ ನೋಡಿದರೆ ಅವರಿಗೆ ಗೊತ್ತಾಗುತ್ತದೆ. ಅವರನ್ನು ಕಂಡು ಯೂ ಟರ್ನ್ ಹೊಡೆದು ಒನ್‌ವೇನಲ್ಲಿ ವಾಪಸ್ ನುಗ್ಗುವುದನ್ನಂತೂ ಯಾವತ್ತೂ ಮಾಡಬೇಡಿ. ಐನೂರು ರೂಪಾಯಿ ಉಳಿಸೋಕೆ ಹೋಗಿ ಎದುರಿಗೆ ಬರುವವರ ಪ್ರಾಣಕ್ಕೆ ಕುತ್ತು ತರುತ್ತೀರಿ.

ಇದನ್ನು ಒತ್ತಿ ಹೇಳೋಕೆ ಕಾರಣ ಇದೆ. 2025ರ ಮೇ ತಿಂಗಳಲ್ಲಿ ಮಂಡ್ಯದಲ್ಲಿ ನಡೆದದ್ದು ನೆನಪಿದೆ ಅಲ್ವಾ? ನಾಯಿ ಕಚ್ಚಿದ ಮೂರು ವರ್ಷದ ಮಗಳನ್ನು ಅಪ್ಪ ಅಮ್ಮ ಬೈಕಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದರು. ಹೆಲ್ಮೆಟ್ ತಪಾಸಣೆಗೆ ಅಂತ ಟ್ರಾಫಿಕ್ ಪೊಲೀಸರು ತಡೆದಾಗ ಬೈಕ್ ಉರುಳಿತು. ರಸ್ತೆಗೆ ಬಿದ್ದ ಮಗು ಉಳಿಯಲಿಲ್ಲ. ಮೂವರು ಎಎಸ್‌ಐಗಳು (ಸಹಾಯಕ ಸಬ್ ಇನ್‌ಸ್ಪೆಕ್ಟರ್‌ಗಳು) ಸಸ್ಪೆಂಡ್ ಆದರು. ಓಡುವ ಗಾಡಿಗೆ ದಿಢೀರನೆ ಅಡ್ಡ ಬರಬಾರದು, ಕೀ ಕಿತ್ತುಕೊಳ್ಳಬಾರದು ಅಂತ ಆಮೇಲೆ ಇಲಾಖೆಯ ಮೇಲಿನವರೇ ಸೂಚನೆ ಕೊಟ್ಟರು. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ. ನನ್ನ ಮಗಳಿಗೂ ಆಗ ನಾಲ್ಕು ವರ್ಷ.

ಕಣ್ಣಿಗೆ ಕಾಣುವ ತಪ್ಪಿಲ್ಲದೆ, ಬರೀ ದಾಖಲೆ ನೋಡೋಕೆ ಅಂತ ಗಾಡಿ ನಿಲ್ಲಿಸಬಾರದು ಅಂತ 2022ರಲ್ಲೇ ಆಗ ರಾಜ್ಯ ಪೊಲೀಸ್ ಮುಖ್ಯಸ್ಥರಾಗಿದ್ದ (ಡಿಜಿಪಿ) ಪ್ರವೀಣ್ ಸೂದ್ ಹೇಳಿದ್ದರು. ಕುಡಿದು ಓಡಿಸುವವರ ತಪಾಸಣೆ ಮಾತ್ರ ಅದಕ್ಕೆ ಹೊರತು. ಇದು ತಿಳಿದಿರಲಿ. ಆದರೆ ಬಿಸಿಲಲ್ಲಿ ನಿಂತು ಇದನ್ನೇ ಹಿಡಿದುಕೊಂಡು ವಾದ ಮಾಡಬೇಡಿ. ಯೂನಿಫಾರ್ಮ್‌ನಲ್ಲಿರುವ ಪೊಲೀಸರು ಡಿಎಲ್ ಕೇಳಿದರೆ ತೋರಿಸಲೇಬೇಕು ಅಂತ ಮೋಟಾರು ವಾಹನ ಕಾಯ್ದೆಯ 130ನೇ ಸೆಕ್ಷನ್ನಿನಲ್ಲಿದೆ. ಮೊದಲು ತೋರಿಸಿ, ಆಮೇಲೆ ಕೇಳಿ.

ನಿಲ್ಲಿಸಿದ ಮೇಲಿನ ಹತ್ತು ಸೆಕೆಂಡ್ ತುಂಬಾ ಮುಖ್ಯ. ಇಂಜಿನ್ ಆಫ್ ಮಾಡಿ. ಕೀ ತೆಗೆದು ನಿಮ್ಮ ಜೇಬಿಗೆ ಹಾಕಿಕೊಳ್ಳಿ. ನೀವೇ ತೆಗೆದರೆ ಬೇರೆಯವರು ಕೈ ಹಾಕುವ ಪ್ರಶ್ನೆಯೇ ಬರುವುದಿಲ್ಲ. ಸ್ಟ್ಯಾಂಡ್ ಹಾಕಿ ಕೆಳಗೆ ಇಳಿಯಿರಿ, ಹೆಲ್ಮೆಟ್ ತೆಗೆಯಿರಿ, ಇಯರ್‌ಫೋನ್ ಕಿವಿಯಿಂದ ತೆಗೆಯಿರಿ. ಮುಖ ಕಾಣಬೇಕು. ಆಮೇಲೆ ಮಾತು. "ಯಾಕ್ ಸರ್ ನಿಲ್ಲಿಸಿದ್ರಿ?" ಅನ್ನೋದಕ್ಕೂ "ನಮಸ್ಕಾರ ಸರ್, ಏನಾಯ್ತು?" ಅನ್ನೋದಕ್ಕೂ ಎಷ್ಟು ವ್ಯತ್ಯಾಸ ನೋಡಿ. ಮೊದಲನೆಯದು ಜಗಳಕ್ಕೆ ಕರೆದ ಹಾಗೆ ಕೇಳಿಸುತ್ತದೆ. ಎರಡನೆಯದಕ್ಕೆ ಅವರು ಕಾರಣ ಹೇಳಲೇಬೇಕಾಗುತ್ತದೆ.

ಏಕವಚನದ ವಿಷಯ ಹೇಳಬೇಕು. ಅರ್ಧ ಜಗಳ ಶುರುವಾಗೋದೇ ಅಲ್ಲಿಂದ. ಕೆಲವರು "ಏಯ್, ಬಾರೋ ಇಲ್ಲಿ" ಅಂತಲೇ ಕರೆಯುತ್ತಾರೆ. ಕೆಲವು ವರ್ಷದ ಹಿಂದೆ ಒಂದು ಜಂಕ್ಷನ್‌ನಲ್ಲಿ ನನಗಿಂತ ಹತ್ತು ವರ್ಷ ಚಿಕ್ಕವರೊಬ್ಬರು ಹಾಗೆ ಕರೆದು ಕೀ ಕಿತ್ತುಕೊಂಡರು. ನಾನೂ "ಏನೋ ನಿಂದು" ಅಂದುಬಿಟ್ಟೆ. ಜನ ಸೇರಿದರು, ಮುಕ್ಕಾಲು ಗಂಟೆ ಹೋಯಿತು, ಎರಡು ಮನೆ ಕೆಲಸ ತಪ್ಪಿತು. ಈಗ ನಾನು ಬಹುವಚನ ಬಿಡುವುದಿಲ್ಲ. ಅವರು "ನೀನು" ಅಂದರೆ ದನಿ ಏರಿಸದೆ "ಸರ್, ನಾನು ನಿಮಗೆ ಮರ್ಯಾದೆ ಕೊಟ್ಟೇ ಮಾತಾಡ್ತಿದ್ದೀನಿ, ನೀವೂ ಹಾಗೇ ಮಾತಾಡಿ" ಅನ್ನುತ್ತೇನೆ. ಹೆಚ್ಚಿನ ಸಲ ಮುಂದಿನ ಮಾತಿಗೇ "ಡಿಎಲ್ ಕೊಡಿ" ಅಂತ ಬದಲಾಗಿದೆ. ಐವತ್ತು ದಾಟಿದ ಹೆಡ್ ಕಾನ್‌ಸ್ಟೇಬಲ್ "ಏನಪ್ಪಾ" ಅಂದರೆ ಮಾತ್ರ ಅದು ಬೇರೆ. ಅದು ಮನೆಯ ಹಿರಿಯರ ಮಾತು, ತಪ್ಪು ತಿಳಿಯಬೇಡಿ.

ದಾಖಲೆಗಳು: ಡಿಎಲ್, ಆರ್‌ಸಿ, ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್. ಸರ್ಕಾರದ ಡಿಜಿಲಾಕರ್ ಅಥವಾ ಎಂಪರಿವಾಹನ್ ಆ್ಯಪ್‌ನಲ್ಲಿ ತೋರಿಸಿದರೆ ನಡೆಯುತ್ತದೆ. 2018ರಿಂದ ಅದಕ್ಕೆ ಮಾನ್ಯತೆ ಇದೆ. ವಾಟ್ಸಾಪ್‌ನಲ್ಲಿರುವ ಫೋಟೋ ನಡೆಯುವುದಿಲ್ಲ. ಎಮಿಷನ್ ಮತ್ತು ಇನ್ಶೂರೆನ್ಸ್ ಮುಗಿಯುವ ದಿನವನ್ನು ನಾನು ಪೆಟ್ರೋಲ್ ಟ್ಯಾಂಕ್ ಕವರಿನ ಒಳಗೆ ಮಾರ್ಕರ್‌ನಲ್ಲಿ ಬರೆದಿಟ್ಟಿದ್ದೇನೆ.

"ಹಳೇ ಕೇಸ್ ಇದೆ" ಅಂದರೆ ಗಾಬರಿ ಬೇಡ. ಫೋಟೋ ತೋರಿಸಿ ಅಂತ ಕೇಳಿ. ನನ್ನ ನಂಬರಿಗೆ ಒಂದು ಸಿಗ್ನಲ್ ಜಂಪ್ ಕೇಸ್ ಬಿದ್ದಿತ್ತು. ಫೋಟೋ ನೋಡಿದರೆ ಕೆಂಪು ಸ್ಕೂಟರ್. ಅದರ ಪ್ಲೇಟಿನ 3 ಮಣ್ಣು ಮೆತ್ತಿ 8ರ ಹಾಗೆ ಕಾಣುತ್ತಿತ್ತು. ಆರ್‌ಸಿ ತೆಗೆದುಕೊಂಡು ಟ್ರಾಫಿಕ್ ಸ್ಟೇಷನ್ನಿಗೆ ಹೋಗಿ ವಿವರಿಸಿದೆ, ತೆಗೆದುಹಾಕಿದರು. ತಿಂಗಳಿಗೊಮ್ಮೆ ಬೆಂಗಳೂರು ಸಂಚಾರ ಪೊಲೀಸರ ವೆಬ್‌ಸೈಟಿನಲ್ಲಿ ನಿಮ್ಮ ನಂಬರ್ ಹಾಕಿ ನೋಡುತ್ತಿರಿ. ರಸ್ತೆಯಲ್ಲಿ ನಿಂತಾಗ ಗೊತ್ತಾಗುವುದಕ್ಕಿಂತ ಮನೆಯಲ್ಲಿ ಗೊತ್ತಾಗುವುದು ಮೇಲು.

ತಪ್ಪು ಮಾಡಿದ್ದರೆ ಒಪ್ಪಿಕೊಳ್ಳಿ. ಹೆಲ್ಮೆಟ್ ಇಲ್ಲದ್ದಕ್ಕೆ ಕರ್ನಾಟಕದಲ್ಲಿ 500 ರೂಪಾಯಿ. ಹೆಲ್ಮೆಟ್ ತಲೆ ಮೇಲಿದ್ದು ಸ್ಟ್ರಾಪ್ ಹಾಕಿಲ್ಲದಿದ್ದರೂ ತಪ್ಪೇ. ಮೆಷಿನ್‌ನಿಂದ ಬಂದ ರಸೀದಿ ಇಲ್ಲದೆ ದುಡ್ಡು ಕೊಡಬೇಡಿ. "ನೂರು ಕೊಟ್ಟು ಹೋಗು" ಅಂದರೆ "ಬಿಲ್ ಹಾಕಿ ಸರ್, ಫುಲ್ ಕಟ್ತೀನಿ" ಅನ್ನಿ. ನೀವಾಗಿಯೇ "ಏನಾದ್ರೂ ಅಡ್ಜಸ್ಟ್ ಮಾಡಿ" ಅಂತ ಕೇಳಬೇಡಿ. ಲಂಚ ಶುರುವಾಗೋದು ಎಷ್ಟೋ ಸಲ ನಮ್ಮ ಬಾಯಿಂದಲೇ. ರಾತ್ರಿ ಕುಡಿದವರ ತಪಾಸಣೆಯಲ್ಲಿ ಊದಲು ಹೇಳಿದರೆ ಹೊಸ ಪೈಪ್ ಹಾಕಿ ಅಂತ ಕೇಳಿ, ಊದಿ. ಅದರಲ್ಲಿ ಸಿಕ್ಕಿಬಿದ್ದರೆ ಸ್ಥಳದಲ್ಲಿ ಫೈನ್ ಕಟ್ಟಿ ಮುಗಿಯುವುದಿಲ್ಲ, ಕೋರ್ಟ್‌ಗೆ ಹೋಗಬೇಕು.

ಪೊಲೀಸ್ ಕೆಲಸದಲ್ಲಿರುವವರೂ ಇದನ್ನು ಓದುತ್ತಿದ್ದರೆ ಒಂದು ಮಾತು. ಮರದ ಹಿಂದಿನಿಂದ, ಫ್ಲೈಓವರ್ ಇಳಿಯುವ ಜಾಗದಿಂದ ಹಾರಿ ಬರಬೇಡಿ. ದೂರದಿಂದಲೇ ಕಾಣುವ ಹಾಗೆ ನಿಂತರೆ ನಾವೂ ನಿಧಾನಕ್ಕೆ ನಿಲ್ಲಿಸುತ್ತೇವೆ. ಮೊದಲ ಮಾತಿಗೇ ಕಾರಣ ಹೇಳಿ. "ಸ್ಟ್ರಾಪ್ ಹಾಕಿಲ್ಲ, ಅದಕ್ಕೆ ನಿಲ್ಲಿಸಿದ್ದು" ಅಂದರೆ ಸಾಕು, ಅರ್ಧ ಸಿಟ್ಟು ಅಲ್ಲೇ ಇಳಿಯುತ್ತದೆ.

ಹೋದ ಏಪ್ರಿಲ್‌ನಲ್ಲಿ ಗೊರಗುಂಟೆಪಾಳ್ಯದ ಹತ್ತಿರ ಒಬ್ಬರು ನನ್ನನ್ನು ನಿಲ್ಲಿಸಿದರು. ಮಧ್ಯಾಹ್ನ ಎರಡು ಗಂಟೆ. ಬಿಳಿ ಅಂಗಿಯ ಕಾಲರ್ ಒಳಗೆ ಕರ್ಚೀಫ್ ಮಡಚಿ ಇಟ್ಟುಕೊಂಡಿದ್ದರು. ಅದನ್ನು ತೆಗೆದು ಕುತ್ತಿಗೆ ಒರೆಸಿಕೊಂಡರು. ಮಡಿಕೆಯ ಗೆರೆಯಲ್ಲೆಲ್ಲಾ ಲಾರಿ ಹೊಗೆಯ ಕಪ್ಪು. ದಾಖಲೆ ನೋಡಿ ವಾಪಸ್ ಕೊಟ್ಟು, ನನ್ನ ಬ್ಯಾಗಿನ ಬಾಟಲ್ ಕಡೆ ನೋಡುತ್ತಾ "ನೀರಿದೆಯೇನಪ್ಪಾ?" ಅಂದರು. ಒಂದೇ ಉಸಿರಿಗೆ ಅರ್ಧ ಬಾಟಲ್ ಕುಡಿದರು. ಅವತ್ತಿನಿಂದ ಒಂದು ಲೀಟರ್ ಜಾಸ್ತಿ ಇಟ್ಟುಕೊಂಡು ಓಡಾಡುತ್ತೇನೆ.

ಎಲ್ಲ ಮುಗಿದ ಮೇಲೆ ಹೊರಡುವಾಗ ಅವಸರ ಬೇಡ. ಸಿಟ್ಟಿನಲ್ಲಿ ಆಕ್ಸಿಲರೇಟರ್ ತಿರುಗಿಸಿಕೊಂಡು ರಸ್ತೆಗೆ ನುಗ್ಗಿದವರು ಅಲ್ಲೇ ಗುದ್ದಿದ್ದನ್ನು ಕಂಡಿದ್ದೇನೆ. ಡಿಎಲ್ ಪರ್ಸಿಗೆ, ರಸೀದಿ ಜೇಬಿಗೆ. ಹೆಲ್ಮೆಟ್ ಸ್ಟ್ರಾಪ್ ಟಕ್ ಅನ್ನೋವರೆಗೂ ಒತ್ತಿ. ಸೈಡ್ ಸ್ಟ್ಯಾಂಡ್ ಎತ್ತಿ, ಬಲಗಡೆ ಇಂಡಿಕೇಟರ್ ಹಾಕಿ, ಕನ್ನಡಿಯ ಜೊತೆಗೆ ಒಂದು ಸಲ ತಿರುಗಿಯೂ ನೋಡಿ ರಸ್ತೆಗೆ ಇಳಿಯಿರಿ.