ಅರ್ಧ ದಪ್ಪ, ಎಂಟರಲ್ಲೊಂದು ಭಾರ: ಶೆಲ್ ಎಲಿಮೆಂಟ್ ಬರೆದ ನನ್ನ ಅನುಭವ

ಉಕ್ಕಿನ ಟ್ಯಾಂಕು, ಸೈಲೋಗಳ ಲೆಕ್ಕ ಮಾಡುವುದು ನನ್ನ ಕೆಲಸ. ಸಾಫ್ಟ್‌ವೇರ್ ಬಣ್ಣಬಣ್ಣದ ಚಿತ್ರ ಕೊಡುತ್ತದೆ, ಗ್ರಾಹಕರಿಗೂ ಖುಷಿ. ಆದರೆ ಒಳಗಿನ ಶೆಲ್ ಎಲಿಮೆಂಟ್ (ಟ್ಯಾಂಕಿನ ಗೋಡೆಯಂಥ ತೆಳು, ಬಾಗಿದ ರಚನೆಯನ್ನು, ಅಂದರೆ ಶೆಲ್ಲನ್ನು, ಲೆಕ್ಕಕ್ಕಾಗಿ ಒಡೆದ ಸಣ್ಣ ತುಂಡು) ಏನು ಮಾಡುತ್ತಿದೆ ಅಂತ ಗೊತ್ತಿಲ್ಲದೆ ಸಹಿ ಹಾಕಲು ಮನಸ್ಸು ಬರುತ್ತಿರಲಿಲ್ಲ. ಅದಕ್ಕೇ ಒಂದು ಎಲಿಮೆಂಟನ್ನು ಪೈಥಾನ್‌ನಲ್ಲಿ ನಾನೇ ಬರೆದೆ.

ಆರಿಸಿಕೊಂಡದ್ದು ಎಂಟು ನೋಡ್‌ಗಳ (ತುಂಡಿನ ಅಂಚಿನಲ್ಲಿ ಚಲನೆಯನ್ನು ಲೆಕ್ಕ ಹಾಕುವ ಬಿಂದುಗಳ), ಬಾಗಿದ ಎಲಿಮೆಂಟ್. ಅಹ್ಮದ್, ಐರನ್ಸ್, ಝೀಂಕೆವಿಚ್ 1970ರಲ್ಲಿ ತೋರಿಸಿದ ದಾರಿ ಇದು. ಹಳೆಯದು ನಿಜ, ಆದರೆ ಕಲಿಯಲು ತುಂಬಾ ಒಳ್ಳೆಯದು. ಘನ ಎಲಿಮೆಂಟನ್ನು ದಪ್ಪದ ದಿಕ್ಕಿನಲ್ಲಿ ಕುಗ್ಗಿಸಿ, ಪ್ರತಿ ನೋಡ್‌ನಲ್ಲಿ ಮೂರು ಕಡೆ ಸರಿಯಲು, ಎರಡು ಕಡೆ ತಿರುಗಲು ಬಿಡುವುದು, ಅಷ್ಟೇ. ಶೆಲ್ ಥಿಯರಿಯ ಉದ್ದುದ್ದ ಸಮೀಕರಣಗಳ ತಲೆನೋವಿಲ್ಲ.

ಕೋಡ್ ಓಡಿದ ಮೇಲೆ ಎಲ್ಲರೂ ಮೊದಲು ಮಾಡುವ ಲೆಕ್ಕವನ್ನೇ ನಾನೂ ಮಾಡಿದೆ: ಸ್ಕಾರ್ಡೆಲಿಸ್-ಲೋ ಛಾವಣಿ. 1964ರಲ್ಲಿ ಅವರಿಬ್ಬರು ಲೆಕ್ಕ ಹಾಕಿದ ಕಮಾನಿನಂಥ ಕಾಂಕ್ರೀಟ್ ಛಾವಣಿ. ಉದ್ದ 50 ಅಡಿ, ತ್ರಿಜ್ಯ 25 ಅಡಿ, ದಪ್ಪ ಬರೀ 3 ಇಂಚು. ಚದರ ಅಡಿಗೆ 90 ಪೌಂಡ್ ಭಾರ ಹಾಕಿದಾಗ ಪಕ್ಕದ ಅಂಚಿನ ನಡುಭಾಗ 0.3024 ಅಡಿ, ಅಂದರೆ ಸುಮಾರು 9.2 ಸೆಂಟಿಮೀಟರ್ ಇಳಿಯಬೇಕು. ಎರಡೂ ಕಡೆ ಒಂದೇ ಥರ ಇರುವುದರಿಂದ ಕಾಲು ಭಾಗ ಮಾತ್ರ ಮಾಡಿದರೆ ಸಾಕು.

ಇಲ್ಲಿ ಗಮನ ಬೇಕಾದದ್ದು ಆಧಾರದ ಕಡೆಗೆ. ಎರಡೂ ತುದಿಗಳಲ್ಲಿ ಗೋಡೆಯಂಥ ಡಯಾಫ್ರಾಮ್ ಇದೆ. ಅದು ತನ್ನ ಸಮತಲದಲ್ಲಿ ಛಾವಣಿಯನ್ನು ಅಲುಗಲು ಬಿಡುವುದಿಲ್ಲ, ಆದರೆ ಉದ್ದದ ದಿಕ್ಕಿನಲ್ಲಿ ಸರಿಯಲು ಬಿಡುತ್ತದೆ. ಸುಮ್ನೆ ತುದಿಯನ್ನು ಪೂರ್ತಿ ಹಿಡಿದುಬಿಟ್ಟರೆ ಛಾವಣಿ ವಿಪರೀತ ಗಟ್ಟಿಯಾಗುತ್ತದೆ, ಆಮೇಲೆ ಎಲಿಮೆಂಟ್ ಸರಿಯಿಲ್ಲ ಅಂತ ಕೋಡ್ ಕೆದಕುತ್ತಾ ಕೂರಬೇಕಾಗುತ್ತದೆ.

ಆದರೆ ಈ ಛಾವಣಿ ಸ್ವಲ್ಪ ಸಲೀಸಾದ ಪರೀಕ್ಷೆ. ಎಲಿಮೆಂಟಿನ ನಿಜಬಣ್ಣ ಕಾಣುವುದು ಅರ್ಧಗೋಳದಲ್ಲಿ. ತ್ರಿಜ್ಯ 10, ದಪ್ಪ 0.04. ತುದಿಯಲ್ಲಿ 18 ಡಿಗ್ರಿಯ ತೂತು. ಕೆಳಗಿನ ಅಂಚಿನಲ್ಲಿ ಒಂದು ಜೋಡಿ ಬಲ ಹೊರಗೆ ಎಳೆಯುತ್ತದೆ, ಅಡ್ಡಲಾಗಿ ಇನ್ನೊಂದು ಜೋಡಿ ಒಳಗೆ ಒತ್ತುತ್ತದೆ. ಬಲ ಬಿದ್ದ ಜಾಗ ಸರಿಯುವ ದೂರ 0.094ರ ಹತ್ತಿರ ಬರಬೇಕು. ಪೂರ್ತಿ ಇಂಟಿಗ್ರೇಶನ್ (ಎಲಿಮೆಂಟಿನೊಳಗೆ ಹಲವು ಬಿಂದುಗಳಲ್ಲಿ ಬಿಗಿಯನ್ನು ಅಳೆದು ಕೂಡಿಸುವುದು) ಇಟ್ಟು, ಒರಟು ಮೆಶ್‌ನಲ್ಲಿ (ಕೆಲವೇ ದೊಡ್ಡ ಎಲಿಮೆಂಟುಗಳಲ್ಲಿ) ಓಡಿಸಿದರೆ ಗೋಳ ಜಗ್ಗುವುದೇ ಇಲ್ಲ!

ಕಾರಣ ಹೀಗಿದೆ. ಎಳೆತಕ್ಕೆ ಶೆಲ್ ತೋರುವ ಬಿಗಿ ದಪ್ಪಕ್ಕೆ ತಕ್ಕಂತೆ ಇರುತ್ತದೆ. ಬಾಗಿಸಿದಾಗ ತೋರುವ ಬಿಗಿ ದಪ್ಪದ ಘನಕ್ಕೆ ತಕ್ಕಂತೆ. ಹಾಗಾಗಿ ಬಿಟ್ಟರೆ ತೆಳು ಶೆಲ್ ಹಿಗ್ಗದೆ ಬರೀ ಬಾಗುತ್ತದೆ. ಎಲಿಮೆಂಟಿನೊಳಗಿನ ಚಲನೆಯನ್ನು ಅಂದಾಜಿಸುವ ಬಹುಪದಿಗೆ 'ಹಿಗ್ಗದೆ ಬಾಗು' ಅನ್ನುವುದು ಸರಿಯಾಗಿ ಬರುವುದಿಲ್ಲ. ಎಲ್ಲೋ ಸ್ವಲ್ಪ ಸುಳ್ಳು ಹಿಗ್ಗು ನುಸುಳುತ್ತದೆ. ಅದಕ್ಕೆ ಎಳೆತದ ದೊಡ್ಡ ಬಿಗಿ ಸೇರಿ ಎಲ್ಲವೂ ಸೆಟೆದು ನಿಲ್ಲುತ್ತದೆ. ಇದೇ ಮೆಂಬ್ರೇನ್ ಲಾಕಿಂಗ್. ಶಿಯರ್‌ನಲ್ಲೂ (ಪದರಗಳು ಒಂದರ ಮೇಲೊಂದು ಜಾರುವಂಥ ವಿರೂಪ) ಇಂಥದ್ದೇ ಕಥೆ ಇದೆ.

ಈಗ ನಾನು ಯಾವ ಹೊಸ ಎಲಿಮೆಂಟ್ ಕೈಗೆ ಬಂದರೂ ಮಾಡುವ ಪರೀಕ್ಷೆ ಹೇಳುತ್ತೇನೆ. ಅದೇ ಗೋಳ, ಅದೇ ಮೆಶ್. ದಪ್ಪವನ್ನು ಅರ್ಧ ಮಾಡಿ, ಭಾರವನ್ನು ಎಂಟರಲ್ಲೊಂದು ಮಾಡಿ. ಬರೀ ಬಾಗುತ್ತಿದ್ದರೆ ಸರಿತ (ಸರಿದ ದೂರ) ಹೆಚ್ಚುಕಮ್ಮಿ ಮೊದಲಿನಷ್ಟೇ ಇರಬೇಕು, ಅಲ್ವಾ? ಪೂರ್ತಿ ಲಾಕ್ ಆಗಿದ್ದರೆ ಬಿಗಿ ಇಳಿಯುವುದು ಅರ್ಧಕ್ಕೆ ಮಾತ್ರ, ಹಾಗಾಗಿ ಸರಿತ ಕಾಲು ಭಾಗಕ್ಕೆ ಕುಸಿಯುತ್ತದೆ. ಪುಸ್ತಕದ ಉತ್ತರ ಕೈಯಲ್ಲಿ ಇಲ್ಲದಿದ್ದರೂ ಇದು ಕೆಲಸ ಮಾಡುತ್ತದೆ. ನನಗೆ ಮೆಶ್ ಸಣ್ಣ ಮಾಡಿ ನೋಡುವುದಕ್ಕಿಂತ ಇದರ ಮೇಲೆಯೇ ನಂಬಿಕೆ ಜಾಸ್ತಿ.

ನನ್ನ ಎಲಿಮೆಂಟಿಗೆ ಮದ್ದು ಸುಲಭವಿತ್ತು: ಪ್ರತಿ ಪದರದಲ್ಲಿ 3×3 ಬದಲು 2×2 ಬಿಂದುಗಳಲ್ಲಿ ಇಂಟಿಗ್ರೇಶನ್. ಗೋಳ ಸಡಿಲವಾಯಿತು. ಇದಕ್ಕೂ ಒಂದು ಬೆಲೆ ಇದೆ. ಒಂದೇ ಎಲಿಮೆಂಟಿನ ಐಗನ್ ಬೆಲೆಗಳನ್ನು (ಪ್ರತಿ ಬಗೆಯ ಚಲನೆಗೆ ಅದು ತೋರುವ ಬಿಗಿ) ತೆಗೆದರೆ, ಶೆಲ್ ಪೂರ್ತಿಯಾಗಿ ಸರಿಯುವ, ತಿರುಗುವ ಆರು ಸೊನ್ನೆಗಳ ಜೊತೆ ಹೆಚ್ಚಿನ ಸೊನ್ನೆಗಳೂ, ಅಂದರೆ ಆಕಾರ ಬದಲಾದರೂ ಬಿಗಿಯೇ ತೋರದ ಚಲನೆಗಳೂ ಸಿಗುತ್ತವೆ. ಹಲವು ಎಲಿಮೆಂಟ್ ಕೂಡಿದಾಗ ಅವು ಸಾಮಾನ್ಯವಾಗಿ ಅಡಗುತ್ತವೆ, ಆದರೂ ಆಧಾರ ಕಮ್ಮಿ ಇರುವಲ್ಲಿ ಒಂದು ಕಣ್ಣಿಡಬೇಕು. ಆಮೇಲೆ ಡ್ವೋರ್ಕಿನ್ ಮತ್ತು ಬಾಥೆ 1984ರಲ್ಲಿ ಕೊಟ್ಟ ನಾಲ್ಕು ನೋಡ್‌ಗಳ ಎಲಿಮೆಂಟನ್ನೂ ಬರೆದೆ. ಅದರಲ್ಲಿ ಶಿಯರ್ ಸ್ಟ್ರೇನನ್ನು ಅಂಚುಗಳ ನಡುಬಿಂದುಗಳಲ್ಲಿ ಮಾತ್ರ ಅಳೆದು ಒಳಗೆ ಹರಡುತ್ತಾರೆ. ಇಂಥ ಸೊನ್ನೆಗಳ ಕಾಟ ಇಲ್ಲ.

ಅಂದಹಾಗೆ, ಇಂಥ ಲೆಕ್ಕಕ್ಕೆ ಉಚಿತವಾಗಿ ಸಿಗುವ ಸಾಫ್ಟ್‌ವೇರ್ ಕ್ಯಾಲ್ಕುಲಿಕ್ಸ್ ಬಳಸುವವರಿಗೆ ಒಂದು ಮಾತು. ಅದರ ಸಾಮಾನ್ಯ ಶೆಲ್ ಎಲಿಮೆಂಟುಗಳು ಒಳಗೆ ಘನ ಎಲಿಮೆಂಟುಗಳಾಗಿ ಬದಲಾಗುತ್ತವೆ. ಮಡಿಕೆ, ಕೂಡು ಇರುವಲ್ಲಿ ಫಲಿತಾಂಶವನ್ನು ಎರಡು ಸಲ ನೋಡಿ.

ಇಷ್ಟೆಲ್ಲ ಸರಿಯಾದರೂ ಸೈಲೋ ಗೋಡೆ ಬಕಲ್ ಆಗುವ (ಒತ್ತಡಕ್ಕೆ ಇದ್ದಕ್ಕಿದ್ದಂತೆ ಮಡಿಚಿಕೊಳ್ಳುವ) ಪ್ರಶ್ನೆ ಬಾಕಿ ಇರುತ್ತದೆ. ಬಕಲ್ ಆಗುವ ಒತ್ತಡಕ್ಕೆ ಪುಸ್ತಕದ ಸೂತ್ರ 0.605 × ಇಲಾಸ್ಟಿಕ್ ಮಾಡ್ಯುಲಸ್ (ವಸ್ತುವಿನ ಬಿಗಿಯ ಅಳತೆ) × ದಪ್ಪ ÷ ತ್ರಿಜ್ಯ. ಎಲಿಮೆಂಟ್ ಒಳ್ಳೆಯದಿದ್ದರೆ ಲೀನಿಯರ್ ಲೆಕ್ಕವೂ (ಡೊಂಕಿಲ್ಲದ ಗೋಡೆಗೆ ಮಾಡುವ ಸರಳ ಲೆಕ್ಕ) ಇದಕ್ಕೆ ಹತ್ತಿರ ಬರುತ್ತದೆ. ನಿಜವಾದ ಸಿಲಿಂಡರ್‌ಗಳು ಇದಕ್ಕಿಂತ ತುಂಬಾ ಮೊದಲೇ ಕುಸಿಯುತ್ತವೆ, ಯಾಕೆಂದರೆ ಸಣ್ಣಪುಟ್ಟ ಡೊಂಕುಗಳನ್ನು ಅವು ಸಹಿಸುವುದಿಲ್ಲ. ಕೋಯಿಟರ್ 1945ರಲ್ಲೇ ಇದನ್ನು ವಿವರಿಸಿದ್ದಾರೆ. ತ್ರಿಜ್ಯ ದಪ್ಪದ 500 ಪಟ್ಟು ಇದ್ದರೆ, ನಾಸಾದ ಎಸ್‌ಪಿ-8007 ಮಾರ್ಗಸೂಚಿಯ ಸೂತ್ರ ಪುಸ್ತಕದ ಉತ್ತರವನ್ನು ಸುಮಾರು 0.32ರಿಂದ ಗುಣಿಸಿ ಅನ್ನುತ್ತದೆ. ನಾನು ಮೊದಲ ಬಕ್ಲಿಂಗ್ ಆಕಾರವನ್ನೇ ಡೊಂಕಾಗಿ ಸೇರಿಸಿ, ರಿಕ್ಸ್ ವಿಧಾನದಲ್ಲಿ (ಕುಸಿತದ ಬಿಂದು ದಾಟಿಯೂ ಲೆಕ್ಕ ಮುಂದುವರಿಸುವ ದಾರಿ) ಭಾರ ಏರಿಸುತ್ತೇನೆ. ಡೊಂಕನ್ನು ದಪ್ಪದ ಕಾಲು, ಅರ್ಧ, ಪೂರ್ತಿ ಅಂತ ಬದಲಿಸಿ ನೋಡಿ, ಬಂದ ಉತ್ತರವನ್ನು ಆ 0.32ರಿಂದ ಗುಣಿಸಿ ಬಂದ ಉತ್ತರದ ಪಕ್ಕ ಇಟ್ಟು, ಯಾವುದು ಕಮ್ಮಿಯೋ ಅದನ್ನು ವರದಿಯಲ್ಲಿ ಬರೆಯುತ್ತೇನೆ.